ಮಿಡತೆಯ ಮುಖಪರಿಚಯ

ಹಾಸನದಿಂದ ಬೆಂಗಳೂರಿಗೆ ಹೊರಟ ಬಸ್ಸು ಶಾಂತಿಗ್ರಾಮವನ್ನು ದಾಟುವಾಗ ಕಿಟಕಿ ಪಕ್ಕ ಕುಳಿತವರಿಗೆ ರಾಗಿ ಹೊಲ, ತೆಂಗಿನ ಸಾಲು, ಕೆರೆ ಏರಿ ಕಾಣುತ್ತವೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯಿಂದಾಗಿ ಈ ಊರಿಗೆ ಹೆಸರು ಬಂತೆಂಬುದು ಪ್ರತೀತಿ. ಇಲ್ಲಿನ ನರಸಿಂಹನ ಗುಡಿ ನೋಡಲು ದೂರದೂರಿನವರೂ ಬರುತ್ತಾರೆ. ಆದರೆ ಗುಡಿಯಿಂದ ಹೊರಬಂದು, ಹೊಲದ ಬದುವಿನ ಎಕ್ಕದ ಗಿಡದ ಮುಂದೆ ಐದು ನಿಮಿಷ ಕುಕ್ಕರುಗಾಲಿನಲ್ಲಿ ಕೂರುವವರು ಅಪರೂಪ. ಕೂತವರಿಗೆ ಬೇಸರವಾಗುವುದಿಲ್ಲ. ಬೂದುಹಸಿರು ಎಲೆಯ ಮೇಲೆ ಯಾರೋ ಹಳದಿ ಮತ್ತು ನೀಲಿ ಬಣ್ಣದಲ್ಲಿ ಪಟ್ಟೆ ಬಳಿದು ಇಟ್ಟಂತೆ ಒಂದು ಜೀವ ಕುಳಿತಿರುತ್ತದೆ. ಮುಟ್ಟಲು ಹೋದರೂ ಅದಕ್ಕೆ ಹಾರುವ ಅವಸರವಿಲ್ಲ. ಅದು ಎಕ್ಕದ ಮಿಡತೆ.

ಈ ಮಿಡತೆಯ ಮುಖಪರಿಚಯ ಇಲ್ಲದ್ದರಿಂದ ಆದ ಗಾಬರಿಯನ್ನು ಬಯಲುಸೀಮೆ ಇನ್ನೂ ಮರೆತಿಲ್ಲ. 2020ರ ಮೇ ತಿಂಗಳಲ್ಲಿ ಪಾಕಿಸ್ತಾನದ ಕಡೆಯಿಂದ ರಾಜಸ್ತಾನಕ್ಕೆ ನುಗ್ಗಿದ ಮರುಭೂಮಿ ಮಿಡತೆಗಳ ದಂಡು ಮಧ್ಯಪ್ರದೇಶವನ್ನು ಹಾದು ಮಹಾರಾಷ್ಟ್ರದ ವಿದರ್ಭಕ್ಕೂ ಬಂದಿತು. ಬೀದರ್ ಮುಂತಾದ ಗಡಿ ಜಿಲ್ಲೆಗಳಲ್ಲಿ ಕಟ್ಟೆಚ್ಚರ ಘೋಷಿಸಲಾಯಿತು. ಅದೇ ದಿನಗಳಲ್ಲಿ ಕೋಲಾರ ಜಿಲ್ಲೆಯಲ್ಲೂ ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲೂ ಎಕ್ಕದ ಗಿಡಗಳ ತುಂಬ ಬಣ್ಣದ ಮಿಡತೆಗಳು ಕಾಣಿಸಿಕೊಂಡವು. ‘ಬಂದೇ ಬಿಟ್ಟವು’ ಎಂದು ಜನ ಹೌಹಾರಿದರು. ಅಧಿಕಾರಿಗಳು, ಕೀಟತಜ್ಞರು ಸ್ಥಳಕ್ಕೆ ಹೋಗಿ ನೋಡಿದಾಗ ಅವು ಪ್ರತಿ ವರ್ಷ ಇದೇ ಕಾಲಕ್ಕೆ ಹುಟ್ಟುವ ಇಲ್ಲಿನವೇ ಮಿಡತೆಗಳೆಂದು ತಿಳಿಯಿತು. ಮರುಭೂಮಿ ಮಿಡತೆ ಕರ್ನಾಟಕಕ್ಕೆ ಬರಲೇ ಇಲ್ಲ.

ಹೊಲದಲ್ಲಿ ಕಂಡ ಹುಳುವಿನ ಹೆಸರು ಗೊತ್ತಿಲ್ಲದಿದ್ದರೆ ಕೈ ಮೊದಲು ಹೋಗುವುದು ಔಷಧಿ ಸಿಂಪಡಿಸುವ ಪಂಪಿನ ಕಡೆಗೆ. ಹಣ, ನೀರು, ನೆಲ ಮೂರೂ ಕೆಡುತ್ತವೆ. ಆದ್ದರಿಂದ ಮಿಡತೆಯನ್ನು ನೋಡಿ ಗುರುತಿಸುವುದು, ಅದರ ಚಿತ್ರ ತೆಗೆದಿಡುವುದು ಬಿಡುವಿದ್ದವರ ಹವ್ಯಾಸ ಮಾತ್ರವಲ್ಲ.

ಮೀಸೆ ನೋಡಿ ಜಾತಿ ಹೇಳಿ

ಹುಲ್ಲಿನಲ್ಲಿ ನೆಗೆಯುವುದನ್ನೆಲ್ಲ ನಾವು ಮಿಡತೆ ಎಂದುಬಿಡುತ್ತೇವೆ. ವಿಜ್ಞಾನಿಗಳು ಮೊದಲು ನೋಡುವುದು ತಲೆಯ ಮೇಲಿನ ಕುಡಿಮೀಸೆಯನ್ನು. ಮೀಸೆ ಮೋಟಾಗಿ, ದಪ್ಪನಾಗಿದ್ದರೆ ಅದು ನಿಜವಾದ ಮಿಡತೆ. ಕೂದಲೆಳೆಯಂತೆ ಸಪೂರವಾಗಿ, ಮೈಗಿಂತಲೂ ಉದ್ದವಾಗಿದ್ದರೆ ಅದು ಎಲೆಮಿಡತೆ ಅಥವಾ ರಾತ್ರಿ ಕಿರ್‍ರೆನ್ನುವ ಚಿಮ್ಮಂಡೆಗಳ ಬಳಗದ್ದು.

ಕಿವಿ ಇರುವ ಜಾಗವೂ ಬೇರೆ. ಮಿಡತೆಯ ಕಿವಿ ಹೊಟ್ಟೆಯ ಎರಡೂ ಬದಿಯಲ್ಲಿ, ರೆಕ್ಕೆಯ ಮರೆಯಲ್ಲಿರುತ್ತದೆ. ಎಲೆಮಿಡತೆ ಮತ್ತು ಚಿಮ್ಮಂಡೆಗಳಿಗೆ ಅದು ಮುಂಗಾಲಿನಲ್ಲಿರುತ್ತದೆ! ಹಾಡುವ ಬಗೆಯೂ ಬೇರೆ. ದನಿ ಮಾಡುವ ಮಿಡತೆಗಳಲ್ಲಿ ಹಲವು ಹಿಂಗಾಲಿನ ತೊಡೆಯನ್ನು ರೆಕ್ಕೆಗೆ ತಿಕ್ಕುತ್ತವೆ. ಇನ್ನುಳಿದ ಎರಡು ಬಳಗದವು ರೆಕ್ಕೆಗೆ ರೆಕ್ಕೆ ಉಜ್ಜುತ್ತವೆ.

ಮರುಭೂಮಿ ಮಿಡತೆಯೂ ಮೋಟುಮೀಸೆಯ ಬಳಗದ್ದೇ. ಅದರ ವೈಚಿತ್ರ್ಯ ಇರುವುದು ನಡತೆಯಲ್ಲಿ. ಒಂಟಿಯಾಗಿದ್ದಾಗ ಅದೊಂದು ಸಾಧು ಹುಳು. ಮಳೆ ಬಂದು, ಸಂತಾನ ಹೆಚ್ಚಿ, ಇಕ್ಕಟ್ಟಿನಲ್ಲಿ ಒಂದರ ಹಿಂಗಾಲಿಗೆ ಇನ್ನೊಂದು ತಾಗತೊಡಗಿದರೆ ಮೈಯೊಳಗೆ ಸೆರೊಟೊನಿನ್ ಎಂಬ ರಾಸಾಯನಿಕ ಏರುತ್ತದೆ. ಆಗ ಅದು ಗುಂಪು ಕಟ್ಟತೊಡಗುತ್ತದೆ, ಮುಂದೆ ಬಣ್ಣವೂ ಬದಲಾಗುತ್ತದೆ. ಒಂಟಿ ಮಿಡತೆ, ದಂಡಿನ ಮಿಡತೆ ಎರಡೂ ಒಂದೇ ಜೀವಿಯ ಎರಡು ಅವಸ್ಥೆಗಳೆಂದು ರಷ್ಯಾ ಮೂಲದ ಕೀಟವಿಜ್ಞಾನಿ ಬೋರಿಸ್ ಉವರೊವ್ 1921ರಲ್ಲೇ ವಿವರಿಸಿದ್ದರು. ಸೆರೊಟೊನಿನ್ನಿನ ಪಾತ್ರ ಬೆಳಕಿಗೆ ಬಂದಿದ್ದು 2009ರಲ್ಲಿ. ಒಂದು ಚದರ ಕಿ.ಮೀ. ಹಿಂಡಿನಲ್ಲಿ ನಾಲ್ಕರಿಂದ ಎಂಟು ಕೋಟಿ ಮಿಡತೆಗಳಿರಬಹುದು, ಸುಮಾರು 35,000 ಜನರ ಒಂದು ದಿನದ ಊಟದಷ್ಟನ್ನು ಅವು ದಿನಕ್ಕೆ ತಿನ್ನಬಲ್ಲವು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಲೆಕ್ಕ.

ಎಕ್ಕದ ಮಿಡತೆಗೆ ಈ ದಂಡಯಾತ್ರೆಯ ಗೊಡವೆ ಇಲ್ಲ. ಅದು ಎಕ್ಕವನ್ನೇ ನಂಬಿ ಬಾಳುತ್ತದೆ. ಎಕ್ಕ ಸಾಲದಾದಾಗ ಬೇರೆ ಗಿಡಗಳಿಗೆ ಬಾಯಿ ಹಾಕಿದ್ದುಂಟು. ಆದರೆ ಊರಿಂದೂರಿಗೆ ಹಾರಿಹೋಗಿ ಪೈರು ಬರಿದು ಮಾಡುವ ಹಿಂಡು ಅದಲ್ಲ. ದನಕರು ಮೂಸಿಯೂ ನೋಡದ ಎಕ್ಕದ ಹಾಲಿನಲ್ಲಿ ಹೃದಯಕ್ಕೆ ಮಾರಕವಾದ ವಿಷವಿದೆ. ಮಿಡತೆ ಅದನ್ನು ಜೀರ್ಣಿಸಿಕೊಳ್ಳುವುದಷ್ಟೇ ಅಲ್ಲ, ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಮರಿಯನ್ನು ಚಿವುಟಿ ಹಿಡಿದರೆ ಅಂಗುಲ ಎರಡಂಗುಲ ದೂರಕ್ಕೆ ದ್ರವ ಚಿಮ್ಮಿಸುತ್ತದೆ. ಅದರ ಕಣ್ಣು ಕುಕ್ಕುವ ಬಣ್ಣ ‘ನನ್ನನ್ನು ತಿಂದರೆ ಕೆಟ್ಟೆ’ ಎಂದು ಹಕ್ಕಿಗಳಿಗೆ ಹಾಕಿದ ಬೋರ್ಡು. ಅವಸರವಿಲ್ಲದ ನಡಿಗೆಯ ಗುಟ್ಟೂ ಅದೇ.

ಹೊಲಕ್ಕೊಂದು, ತೋಟಕ್ಕೊಂದು

ಹಾಸನ ಸೀಮೆಯ ಭಾಗ್ಯವೆಂದರೆ ಮಲೆನಾಡು, ಬಯಲು ಎರಡೂ ಇಲ್ಲಿ ಕೂಡುತ್ತವೆ. ಶಾಂತಿಗ್ರಾಮ, ಚನ್ನರಾಯಪಟ್ಟಣದ ಕಡೆ ರಾಗಿ, ತೆಂಗು. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಯ ಗದ್ದೆಗಳು. ಅರಕಲಗೂಡಿನಲ್ಲಿ ಹೊಗೆಸೊಪ್ಪು. ಸಕಲೇಶಪುರದತ್ತ ಏರಿದರೆ ಕಾಫಿ. ಬೆಳೆ ಬದಲಾದಂತೆ ಮಿಡತೆಯ ಮುಖವೂ ಬದಲಾಗುತ್ತದೆ.

ರಾಗಿ ಪೈರು ಇನ್ನೂ ಎಳೆಯದಾಗಿರುವಾಗ ನೆಲವನ್ನು ದಿಟ್ಟಿಸಿ ನೋಡಬೇಕು. ಮಣ್ಣಿನ ಹೆಂಟೆಯ ಚೂರೊಂದು ಇದ್ದಕ್ಕಿದ್ದಂತೆ ನೆಗೆದರೆ ಅದು ನೆಲಮಿಡತೆ. ಮಣ್ಣಿನ ಬಣ್ಣ, ಒರಟು ಮೈ. ಮೊಳಕೆ ಕಡಿಯುವುದು ಅದರ ಕಸುಬು. ಹುಲ್ಲು ಎತ್ತರಕ್ಕೆ ಬೆಳೆದ ಮೇಲೆ ಕಾಣುವುದು ಚೂಪುತಲೆಯ ಮಿಡತೆ. ಮುಖ ಓರೆಯಾಗಿ, ತಲೆ ಗೋಪುರದಂತೆ ಮುಂದಕ್ಕೆ ಚಾಚಿರುತ್ತದೆ. ಹುಲ್ಲಿನ ಎಸಳಿಗೆ ಮೈ ಒತ್ತಿ ಕುಳಿತರೆ ಕಣ್ಣಳತೆಯಲ್ಲಿದ್ದರೂ ಕಾಣದು. ಮನೆಯ ಹಿತ್ತಿಲ ಸೊಪ್ಪಿನ ಮಡಿಯಲ್ಲಿ ಎಲೆ ತೂತು ಮಾಡುವ, ಎರಡೂ ತುದಿ ಚೂಪಾದ ಪುಟ್ಟ ಹಸಿರು ಮಿಡತೆಗೆ ಕೀಟಶಾಸ್ತ್ರದ ಪುಸ್ತಕಗಳು ‘ಹೊಗೆಸೊಪ್ಪಿನ ಮಿಡತೆ’ ಎಂದು ಹೆಸರಿಟ್ಟಿವೆ. ಎಷ್ಟೋ ಸಲ ಹೆಣ್ಣಿನ ಬೆನ್ನ ಮೇಲೆ ಅದರ ಅರ್ಧದಷ್ಟಿರುವ ಗಂಡು ಕುಳಿತಿರುತ್ತದೆ. ತಾಯಿ, ಮರಿ ಎಂದು ಜನ ತಪ್ಪು ತಿಳಿಯುವುದುಂಟು.

ಗದ್ದೆ ಬಯಲಿನಲ್ಲಿ ಭತ್ತದ ಮಿಡತೆ. ಕಾಫಿ, ಅಡಿಕೆ ತೋಟಗಳಲ್ಲಿ ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆ ಇಟ್ಟುಕೊಂಡ ದೊಡ್ಡ ಮಿಡತೆ. ಕೆಣಕಿದರೆ ಎದೆಯ ಭಾಗದಿಂದ ನೊರೆ ಉಕ್ಕಿಸುವುದು ಇದರ ವರಸೆ. ಶ್ರೀಗಂಧದ ಗಿಡಗಳಿರುವಲ್ಲಿ ಕತ್ತಿನ ಮೇಲೆ ಹಸಿರು ಕುಲಾವಿಯಂಥ ದಿಬ್ಬ ಹೊತ್ತ ಇನ್ನೊಂದು ಮಿಡತೆ ಸಿಗಬಹುದು. ಪಕ್ಕದಿಂದ ನೋಡಿದರೆ ಥೇಟು ಎಲೆ.

ಉಪನಿಷತ್ತಿನಲ್ಲೊಂದು ಕನ್ನಡ ಮಿಡತೆ?

ಕನ್ನಡದಲ್ಲಿ ‘ಮಿಡಿ’ ಎಂದರೆ ಚಿಮ್ಮು, ನೆಗೆ. ಮಿಡತೆಯ ನೆಗೆತ ಅದರ ಹೆಸರಿನಲ್ಲೇ ಕೇಳಿಸುತ್ತದೆ. ತೆಲುಗಿನವರಿಗೂ ಅದು ‘ಮಿಡತ’. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟ್ಟೆಲ್ಲರ ಕೋಶದಲ್ಲಿ ‘ಮಿಡಿಚೆ’ ಎಂಬ ಇನ್ನೊಂದು ರೂಪವೂ ಇದೆ. ಈ ಸಣ್ಣ ಪದ ದೊಡ್ಡ ಚರ್ಚೆಯೊಂದಕ್ಕೆ ಕಾರಣವಾಯಿತು.

ಛಾಂದೋಗ್ಯ ಉಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನ ಕಥೆ ಬರುತ್ತದೆ. ಕುರುದೇಶದ ಬೆಳೆ ‘ಮಟಚೀ’ಯಿಂದ ಹಾಳಾಗಿ ಬರ ಬಿದ್ದಿದೆ. ಹಸಿದ ಉಷಸ್ತಿ ಕಾಳು ತಿನ್ನುತ್ತಿದ್ದ ಮಾವುತನ ಬಳಿ ಬೇಡಿ, ಅವನ ಎಂಜಲನ್ನೇ ತಿನ್ನುತ್ತಾನೆ. ಆದರೆ ಎಂಜಲು ನೀರು ಬೇಡವೆನ್ನುತ್ತಾನೆ. ಕಾಳು ತಿನ್ನದಿದ್ದರೆ ಪ್ರಾಣ ಉಳಿಯುತ್ತಿರಲಿಲ್ಲ, ನೀರಾದರೋ ಬೇರೆಡೆ ಸಿಗುತ್ತದೆ ಎಂಬುದು ಅವನ ಸಮಾಧಾನ. ಇಲ್ಲಿ ‘ಮಟಚೀ’ ಎಂದರೇನು? ಶಂಕರಾಚಾರ್ಯರ ಭಾಷ್ಯ ಅದನ್ನು ಆಕಾಶದಿಂದ ಬೀಳುವ ‘ಅಶನಿ’ ಎಂದು ವಿವರಿಸಿತು. ಆಲಿಕಲ್ಲು ಎಂದು ಅನೇಕರು ಅನುವಾದಿಸಿದರು. 1911ರಲ್ಲಿ ಕರ್ನಲ್ ಜಿ.ಎ. ಜೇಕಬ್ ಎಂಬ ಸಂಸ್ಕೃತ ವಿದ್ವಾಂಸರು ಕಿಟ್ಟೆಲ್ ಕೋಶದ ಮಿಡಿಚೆಯತ್ತ ಬೆರಳು ತೋರಿಸಿ, ಇದು ಮಿಡತೆಯೇ ಇರಬೇಕೆಂದರು. ಎಲ್ಲರೂ ಒಪ್ಪಿದ ಮಾತು ಇದಲ್ಲ. ಒಪ್ಪುವುದಾದರೆ, ವೇದಕಾಲದ ಉತ್ತರ ಭಾರತದ ಬರಗಾಲವೊಂದರ ಅಪರಾಧಿಯನ್ನು ಹಿಡಿದುಕೊಟ್ಟದ್ದು ನಮ್ಮ ಹೊಲದ ಮಾತು.

ಸಂಸ್ಥಾನದ ಕಾಲದ ಪತ್ತೇದಾರಿಕೆ

ವಿಶೇಷವೆಂದರೆ, ಅದೇ 1911ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯೂ ಮಿಡತೆಯ ಬೆನ್ನು ಹತ್ತಿತ್ತು. ಕೆನಡಾದ ಲೆಸ್ಲಿ ಕೋಲ್‌ಮನ್ 1908ರಲ್ಲಿ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಮೈಸೂರಿಗೆ ಬಂದವರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಹೆಬ್ಬಾಳದ ಕೃಷಿ ಶಾಲೆಯಿಂದ ಹಿಡಿದು ಮಂಡ್ಯದ ಸಕ್ಕರೆ ಕಾರ್ಖಾನೆಯವರೆಗೆ ಅನೇಕ ಕೆಲಸಗಳಲ್ಲಿ ಕೈಜೋಡಿಸಿದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಮದ್ದು ತೋರಿಸಿದ ಹೆಸರೂ ಅವರದೇ.

ಕೋಲ್‌ಮನ್ ಮತ್ತು ಅವರ ಸಹೋದ್ಯೋಗಿ ಕೆ. ಕುಂಞಿಕಣ್ಣನ್ ಭತ್ತದ ಮಿಡತೆಯ ಬದುಕನ್ನು ಮೊಟ್ಟೆಯಿಂದ ಮೊದಲ್ಗೊಂಡು ಅಭ್ಯಾಸ ಮಾಡಿ ಇಲಾಖೆಯ ಕೀಟಶಾಸ್ತ್ರ ಮಾಲೆಯಲ್ಲಿ ಪುಸ್ತಿಕೆ ಹೊರತಂದರು. ಅದೇ ಮಾಲೆಯಲ್ಲಿ ಜೋಳದ ಮಿಡತೆಯ ಕುರಿತ ಪುಸ್ತಿಕೆಯೂ ಬಂತು. ಜೋಳದ ಹೊಲಗಳನ್ನು ಕಾಡುತ್ತಿದ್ದ ಈ ಮಿಡತೆಗೆ ಹಾರಲು ರೆಕ್ಕೆಯೇ ಇಲ್ಲ. ಅದು ವಿಜ್ಞಾನಕ್ಕೆ ಹೊಸದೆಂದು ಸ್ಪೇನಿನ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ವರ್ಣಿಸಿದರು, ಕೋಲ್‌ಮನ್ನರ ಗೌರವಾರ್ಥ ಅದರ ಕುಲಕ್ಕೆ ‘ಕೋಲ್‌ಮೇನಿಯ’ ಎಂದು ಹೆಸರಿಟ್ಟರು. ನಮ್ಮ ಜೋಳದ ಹೊಲದ ಹುಳುವಿನ ಹೆಸರಿನಲ್ಲಿ ಮೈಸೂರಿನ ಅಧಿಕಾರಿಯೊಬ್ಬರು ಹೀಗೆ ಶಾಶ್ವತವಾಗಿ ಉಳಿದಿದ್ದಾರೆ.

ಅಂದಿನ ಅಭ್ಯಾಸದಿಂದ ತಿಳಿದ ಮುಖ್ಯ ಸಂಗತಿ ಸರಳವಾದದ್ದು. ಈ ಮಿಡತೆಗಳದ್ದು ವರ್ಷಕ್ಕೆ ಒಂದೇ ತಲೆಮಾರು. ಹೆಣ್ಣು ಹೊಟ್ಟೆಯ ತುದಿಯನ್ನು ಮಣ್ಣಿಗಿಳಿಸಿ ಮೊಟ್ಟೆಯಿಟ್ಟು, ನೊರೆಯಂಥ ಅಂಟಿನಿಂದ ಮುಚ್ಚುತ್ತದೆ. ನೊರೆ ಒಣಗಿ ಗಟ್ಟಿ ಚೀಲವಾಗುತ್ತದೆ. ಬೇಸಿಗೆಯುದ್ದಕ್ಕೂ ನೆಲದಲ್ಲಿದ್ದ ಮೊಟ್ಟೆ ಮುಂಗಾರಿನ ಮಳೆಗೆ ಒಡೆಯುತ್ತದೆ. ಭತ್ತದ ಮಿಡತೆ ಮೊಟ್ಟೆಯಿಡುವುದು ಹೆಚ್ಚಾಗಿ ಬದುವಿನಲ್ಲಿ. ಕೊಯ್ಲಿನ ನಂತರ ಬದು ಕೆತ್ತಿ ಮೊಟ್ಟೆಯನ್ನು ಬಿಸಿಲಿಗೆ, ಹಕ್ಕಿಗೆ ಒಡ್ಡಿದರೆ ಅರ್ಧ ಕೆಲಸ ಮುಗಿಯಿತು. ಕಾಲವನ್ನೂ ಜಾಗವನ್ನೂ ಅರಿತವನಿಗೆ ವಿಷ ಬೇಕಾಗುವುದು ಕಡಿಮೆ ಎಂಬ ಪಾಠ ಅಂದಿನದು. ಇಂದಿಗೂ ಅದು ಹಳತಾಗಿಲ್ಲ.

ಹಕ್ಕಿಗಳ ಪಾತ್ರವೂ ಸಣ್ಣದಲ್ಲ. ಉಳುವ ಎತ್ತುಗಳ ಹಿಂದೆ ಬೆಳ್ಳಕ್ಕಿ, ತಂತಿಯ ಮೇಲೆ ಕಾಜಾಣ, ಅಂಗಳದಲ್ಲಿ ಗೊರವಂಕ, ಎಲ್ಲಕ್ಕೂ ಮಿಡತೆ ಊಟ. ಗೊರವಂಕದ ಶಾಸ್ತ್ರೀಯ ಹೆಸರಿನ ಮೊದಲ ಪದಕ್ಕೆ ‘ಮಿಡತೆ ಬೇಟೆಗಾರ’ ಎಂದೇ ಅರ್ಥ. ಮಿಡತೆ ಹಾವಳಿ ತಡೆಯಲೆಂದು 1762ರಲ್ಲಿ ಪಾಂಡಿಚೇರಿಯಿಂದ ಮಾರಿಷಸ್ಸಿಗೆ ಗೊರವಂಕಗಳನ್ನು ಹಡಗಿನಲ್ಲಿ ಒಯ್ದಿದ್ದರು. ಚಳಿಗಾಲಕ್ಕೆ ನಮ್ಮ ಹುಲ್ಲುಗಾವಲಿಗೆ ವಲಸೆ ಬರುವ ಹ್ಯಾರಿಯರ್ ಗಿಡುಗಗಳಿಗೂ ಮಿಡತೆಯೇ ಮುಖ್ಯ ಆಹಾರಗಳಲ್ಲೊಂದು. ಮಿಡತೆಯೇ ಇಲ್ಲದ ಹೊಲ ಹಕ್ಕಿಗಳೂ ಇಲ್ಲದ ಹೊಲ.

ಕ್ಯಾಮೆರಾದೊಳಗೆ ಹಿಡಿಯುವುದು

ಮಿಡತೆಯ ಚಿತ್ರ ತೆಗೆಯಲು ಕಾಡಿಗೇ ಹೋಗಬೇಕೆಂದಿಲ್ಲ. ಹಿತ್ತಿಲು, ಹೊಲದ ಬದು, ಶಾಲೆಯ ಆಟದ ಬಯಲಿನ ಅಂಚು ಸಾಕು. ಮುಂಗಾರು ಹಿಡಿದ ಮೇಲೆ ಮರಿಗಳು, ಭಾದ್ರಪದದಿಂದ ಕಾರ್ತೀಕದವರೆಗೆ ಬೆಳೆದ ಮಿಡತೆಗಳು ಹೇರಳ. ಹೊತ್ತು ಮುಖ್ಯ. ಮಿಡತೆ ಶೀತರಕ್ತದ ಜೀವಿ. ಇಬ್ಬನಿ ಆರದ ಮುಂಜಾವಿನಲ್ಲಿ ಮೈ ಬಿಸಿಯೇರಿರುವುದಿಲ್ಲವಾದ್ದರಿಂದ ಕೂತಲ್ಲೇ ಕೂತಿರುತ್ತದೆ. ಬಿಸಿಲೇರಿದ ಮೇಲೆ ಅದನ್ನು ಅಟ್ಟಿಸಿಕೊಂಡು ಹೋದವರು ಬೆವರಿದ್ದೇ ಬಂತು.

ಹತ್ತಿರ ಹೋಗುವಾಗ ನಮ್ಮ ನೆರಳು ಅದರ ಮೇಲೆ ಬೀಳಬಾರದು. ಹುಲ್ಲು ಅಲುಗಬಾರದು. ಬಗ್ಗಿ ಮೇಲಿನಿಂದ ತೆಗೆದರೆ ಬೆನ್ನು ಮಾತ್ರ ಬರುತ್ತದೆ. ಮಂಡಿಯೂರಿ ಅದರ ಕಣ್ಣಿನ ಮಟ್ಟಕ್ಕಿಳಿದು, ಲೆನ್ಸು ಅದರ ಪಕ್ಕೆಗೆ ನೇರವಾಗಿರುವಂತೆ ಹಿಡಿದರೆ ತಲೆಯಿಂದ ಹಿಂಗಾಲಿನವರೆಗೆ ಸ್ಪಷ್ಟ ಚಿತ್ರ ದಕ್ಕುತ್ತದೆ. ಹಿಂಗಾಲಿನ ಮೇಲೆ ಒಂದು ಕಣ್ಣಿರಲಿ. ಮೊಣಕಾಲಿನ ಕೆಳಗಿನ ಭಾಗವನ್ನು ತೊಡೆಗೆ ಒತ್ತಿ ಮಡಿಸಿಕೊಂಡರೆ ಅದು ನೆಗೆಯಲು ಅಣಿಯಾಯಿತೆಂದೇ ಅರ್ಥ. ಸ್ನಾಯುಗಳು ಅರೆ ಸೆಕೆಂಡಿನಷ್ಟು ಕಾಲ ಬಿಗಿದು, ಆ ಬಲವನ್ನು ಮೊಣಕಾಲಿನ ಬಳಿಯ ಸ್ಪ್ರಿಂಗಿನಂಥ ಭಾಗದಲ್ಲಿ ಕೂಡಿಟ್ಟು, ಕವಣೆಯಂತೆ ಒಮ್ಮೆಲೇ ಬಿಡುತ್ತವೆ. ಬಿಟ್ಟ ಮೇಲೆ ನಮ್ಮ ಬೆರಳು ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ.

ಫಿಲಂ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು, ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿಗಳ ಬೆನ್ನು ಹತ್ತಿದ್ದ ಪೂರ್ಣಚಂದ್ರ ತೇಜಸ್ವಿ ಆ ಮಿತಿಯಲ್ಲೇ ಕೆಲಸ ಮಾಡಿದವರು. ತೊಳೆಸಿ ನೋಡುವವರೆಗೆ ಚಿತ್ರ ಬಂತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಈಗ ಮೊಬೈಲ್ ಫೋನಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೊ ಲೆನ್ಸೇ ಮಿಡತೆಯ ಕಣ್ಣಿನ ಗೆರೆಗಳನ್ನು ತೋರಿಸುತ್ತದೆ. ದೊಡ್ಡ ಕ್ಯಾಮೆರಾ ಇದ್ದವರು ಅಪರ್ಚರನ್ನು ಎಫ್ 8 ಅಥವಾ 11ಕ್ಕೆ ಇಟ್ಟು, ಫ್ಲ್ಯಾಶಿಗೆ ಬಿಳಿ ಕಾಗದ ಅಡ್ಡ ಹಿಡಿದರೆ ಮೈಯ ಹೊಳಪು ಕಣ್ಣು ಚುಚ್ಚುವುದಿಲ್ಲ.

ಗುರುತು ಹಿಡಿಯಲು ಒಂದೇ ಚಿತ್ರ ಸಾಲದು. ಪಕ್ಕದಿಂದ ಒಂದು, ಬೆನ್ನಿನದು ಒಂದು, ಎದುರು ಮುಖದ್ದು ಒಂದು, ಹಿಂಗಾಲಿನ ಒಳಮೈಯದು ಒಂದು, ಕೂತಿದ್ದ ಗಿಡದ್ದು ಒಂದು ಇರಬೇಕು. ಜೊತೆಗೆ ಊರು, ತಾರೀಖು ಬರೆದಿಡಬೇಕು. ಅಂಥ ಚಿತ್ರವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಕಾರೆಕೆರೆಯಂಥ ಕೃಷಿ ಕಾಲೇಜಿಗೋ ತೋರಿಸಿದರೆ ಹೆಸರು ಹೇಳುವುದು ಸುಲಭ. ಚಂದದ ಚಿತ್ರಕ್ಕಾಗಿ ಮಿಡತೆಯನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು, ಕಾಲು ಹಿಡಿದು ಎಳೆಯುವುದು ಸಲ್ಲದು. ಎಳೆದರೆ ಹಿಂಗಾಲನ್ನೇ ಕಳಚಿಕೊಟ್ಟು ಪಾರಾಗುತ್ತದೆ, ಬೆಳೆದ ಮಿಡತೆಗೆ ಆ ಕಾಲು ಮತ್ತೆ ಮೂಡದು. ಹೊಲಕ್ಕಿಳಿಯುವ ಮುನ್ನ ಯಜಮಾನರನ್ನು ಕೇಳುವುದು ಮರ್ಯಾದೆ. ಬದುವಿನ ಹುಲ್ಲಿನಲ್ಲಿ ಹಾವಿರಬಹುದೆಂಬ ಎಚ್ಚರವೂ ಇರಲಿ.

ಕಣ್ಣಿಗಿಂತ ಕಿವಿಯೇ ಗುರು

ಚಿತ್ರಕ್ಕೂ ಸಿಗದ ವ್ಯತ್ಯಾಸಗಳಿವೆ. ದಕ್ಷಿಣ ಭಾರತದ ಒಂದು ಬಗೆಯ ಎಲೆಮಿಡತೆಗಳು ನೋಡಲು ಒಂದೇ ತೆರನಾಗಿದ್ದರೂ ಹಾಡುಗಳು ಬೇರೆ ಬೇರೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಒಂದರ ದನಿ ರೈಲಿನಂತಿದ್ದರೆ ಇನ್ನೊಂದರದು ಹೆಲಿಕಾಪ್ಟರಿನಂತೆ. ಆ ಹೆಸರುಗಳನ್ನೇ ಅವುಗಳಿಗೆ ಇಡಲಾಯಿತು. ಅದೇ ಸಂಸ್ಥೆಯವರು ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕಂಡದ್ದು ಇನ್ನೂ ಸೋಜಿಗ. ಗಿಡದ ಮೇಲೆ ಬಾಳುವ ಪುಟ್ಟ ಚಿಮ್ಮಂಡೆಯ ಗಂಡು ಎಲೆಯ ನಡುವೆ ತನ್ನ ಅಳತೆಗೆ ತೂತು ಕೊರೆದು, ಅದರಲ್ಲಿ ನಿಂತು ಹಾಡುತ್ತದೆ. ಎಲೆ ಧ್ವನಿವರ್ಧಕವಾಗುತ್ತದೆ. ದನಿ ಸಣ್ಣದಿರುವ ಕುಳ್ಳ ಗಂಡುಗಳೇ ಈ ಉಪಾಯವನ್ನು ಹೆಚ್ಚಾಗಿ ಹೂಡುವುದು!

ಇಂಥ ಬೆರಗುಗಳೆಲ್ಲ ನಡೆಯುವುದು ನಾವು ಪಾಳು ಎನ್ನುವ ಜಾಗದಲ್ಲಿ. ಬದು, ಗೋಮಾಳ, ಕೆರೆ ಅಂಗಳ, ರಸ್ತೆ ಬದಿಯ ಪೊದೆ. ಗೋಮಾಳ ನಿವೇಶನವಾದಂತೆ, ಬದುವಿಗೆ ಕಳೆನಾಶಕ ಬಿದ್ದಂತೆ ಮೊಟ್ಟೆಯಿಡಲು ನೆಲ ಉಳಿಯುವುದಿಲ್ಲ. ಹಾವಳಿ ಮಾಡುವ ನಾಲ್ಕಾರು ಮಿಡತೆಗಳೊಡನೆ, ಯಾರ ತಂಟೆಗೂ ಹೋಗದ ಹತ್ತಾರು ಮಿಡತೆಗಳೂ ಅಳಿಯುತ್ತವೆ. ಅಳಿದದ್ದು ಗೊತ್ತಾಗಬೇಕಾದರೆ ಮೊದಲು ಇದ್ದದ್ದು ಗೊತ್ತಿರಬೇಕು. ಊರು, ತಾರೀಖು ಬರೆದ ಒಂದು ಚಿತ್ರ ಆ ಲೆಕ್ಕದ ಮೊದಲ ಸಾಲು.

ಮುಂದಿನ ಮುಂಗಾರಿಗೆ ಎಕ್ಕದ ಗಿಡದ ಮೇಲೆ ಕಪ್ಪು, ಕೆಂಪು ಚುಕ್ಕೆಯ ಮರಿಗಳು ಮತ್ತೆ ಗುಂಪುಗೂಡಲಿವೆ. ಯಾರಾದರೂ ಮತ್ತೆ ‘ಬಂದೇ ಬಿಟ್ಟವು’ ಎನ್ನಬಹುದು. ಅವು ಬಂದವಲ್ಲ, ಇಲ್ಲಿಯೇ ಇದ್ದವು ಎಂದು ಹೇಳಲು ಊರಿಗೊಬ್ಬರಾದರೂ ಇದ್ದರೆ ಸಾಕು.